ಗೋಡೆ ಪಕ್ಕದ ಹೆಡ್‌ಫೋನು

ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ಇಡೀ ಬೀದಿ ನಿದ್ದೆ ಮಾಡುತ್ತಿತ್ತು. ಚಿನ್ನದ ಗಣಿಗಳ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿ ಬಾಡಿಗೆ ಕೋಣೆ ಹಿಡಿದ ಮರುದಿನ ನಾನು ಪೆಟ್ಟಿಗೆ ಬಿಚ್ಚಿ ರೇಡಿಯೋ ಹಾಕಿದೆ. ಹಾಡೊಂದು ಮುಗಿಯುವ ಮೊದಲೇ ಬಾಗಿಲಲ್ಲಿ ಅಕ್ಕಪಕ್ಕದ ಹೆಂಗಸರು ನಿಂತಿದ್ದರು. ಮನೆಯೊಡತಿ ರತ್ನಮ್ಮ ಒಳಗೆ ಬಂದು, ನನ್ನನ್ನು ಕೇಳದೆ ರೇಡಿಯೋ ಆರಿಸಿದರು.

“ನೈಟ್ ಶಿಫ್ಟ್ ಮಾಡ್ಕೊಂಡು ಬಂದು ಮಲ್ಗವ್ರೆ ಸಾರ್. ಈ ಲೈನಾಗೆ ಅಗಲೊತ್ತು ಯಾರೂ ರೇಡಿಯೋ ಆಕಲ್ಲ.”

“ನಿಮ್ಮ ಯಜಮಾನರಿಗೂ ಎಚ್ಚರ ಆತೇನ್ರಿ?”

“ನಮ್ಮೋರ್ಗಾ? ಪಕ್ಕದಾಗೆ ಸಿಡಿಮದ್ದು ಸಿಡಿದ್ರೂ ಏಳಲ್ಲ ಬಿಡಿ.”

ಲೈನು ಎಂದರೆ ಒಂದಕ್ಕೊಂದು ಅಂಟಿಕೊಂಡ ಗಣಿ ಕಾರ್ಮಿಕರ ಮನೆಗಳ ಸಾಲು. ಒಂದು ಮನೆಯ ಕೆಮ್ಮು ಪಕ್ಕದ ಮನೆಗೆ ಮಾತ್ರವಲ್ಲ, ಅದರಾಚೆಯ ಮನೆಗೂ ಕೇಳುತ್ತದೆ. ನಮ್ಮ ಗದಗ-ಬೆಟಗೇರಿಯಲ್ಲಿ ಮಗ್ಗದ ಸದ್ದು ನಿಂತರೆ ಏನೋ ಆಗಿದೆ ಎಂದು ಜನ ಹೊರಗೆ ಬರುತ್ತಾರೆ. ಇಲ್ಲಿ ಸದ್ದಾದರೆ ಬರುತ್ತಾರೆ.

ಎಂಬತ್ತರ ದಶಕದಲ್ಲಿ ಪತ್ರಿಕೆ ನನ್ನನ್ನು ವರದಿಗಾರನಾಗಿ ಇಲ್ಲಿಗೆ ಕಳಿಸಿದಾಗ, ಕರ್ನಾಟಕದೊಳಗೇ ಹೋಗುತ್ತಿದ್ದೇನೆ ಎಂದುಕೊಂಡಿದ್ದೆ. ಅಂಗಡಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಗಣಿಯ ಸೈರನ್ನಿಗೆ ‘ಸಂಗು’ ಎನ್ನುತ್ತಾರೆ. ಊಟ, ನಿದ್ದೆ, ಜಗಳ ಎಲ್ಲವೂ ಅದರ ಪ್ರಕಾರ. ಜೋಳದ ಹಿಟ್ಟು ಕೇಳಿದರೆ ಅಂಗಡಿಯವನು ಮೈದಾ ಕೊಟ್ಟ. ರಾಗಿಮುದ್ದೆಯನ್ನು ಅಗಿಯದೆ ನುಂಗಲು ಕಲಿತದ್ದೇ ನನ್ನ ಮೊದಲ ಗೆಲುವು. ರತ್ನಮ್ಮ ಮತ್ತು ಗಂಡ ಮುನಿಶಾಮಿ ಬಂಗಾರಪೇಟೆ ಕಡೆಯ ರೈತಾಪಿ ಮನೆಯವರು. ಅವರೊಡನೆ ಕನ್ನಡವೇನೋ ಆಡಬಹುದಿತ್ತು. ಆದರೆ ನಾನು ಬಾಯಿ ತೆರೆದರೆ ಸಾಕು, ಇಬ್ಬರೂ ನಗುತ್ತಿದ್ದರು. ಸಂಜೆಗಳಲ್ಲಿ, ಚಿನ್ನ ತೆಗೆದ ಮೇಲೆ ಸುರಿದ ಸೈನೈಡ್ ಮಣ್ಣಿನ ದಿಬ್ಬಗಳನ್ನು ನೋಡುತ್ತ ಕೂರುವುದು ಬಿಟ್ಟರೆ ನನಗೆ ಬೇರೆ ಕೆಲಸವಿರಲಿಲ್ಲ.

“ಇಂಗೆ ಕೂತಿದ್ರೆ ಉಚ್ಚು ಇಡೀತದೆ ಸಾರ್, ಬನ್ನಿ” ಎಂದು ಒಂದು ಭಾನುವಾರ ಮುನಿಶಾಮಿ ನನ್ನನ್ನು ಉರಿಗಾಂನ ಸೆಲ್ವರಾಜನ ಮನೆಗೆ ಕರೆದೊಯ್ದರು.

ಸದ್ದು ಮಾಡಬಾರದ ಊರಿನಲ್ಲಿ ಸಂಗೀತದ ಹುಚ್ಚಿದ್ದವರು ಕಂಡುಕೊಂಡ ದಾರಿ ಅಲ್ಲಿತ್ತು. ಗಣಿಯ ಎಲೆಕ್ಟ್ರಿಷಿಯನ್ ಸೆಲ್ವರಾಜ್ ಬಿಸ್ಕತ್ತಿನ ಡಬ್ಬಿಯೊಳಗೆ ಆಂಪ್ಲಿಫೈಯರ್ ಕಟ್ಟಿದ್ದ. ಟೇಪ್ ರೆಕಾರ್ಡರಿನ ಸದ್ದು ಅದರೊಳಗೆ ಹೋಗಿ, ಬಲಗೊಂಡು, ನಾಲ್ಕು ಹೆಡ್‌ಫೋನುಗಳಿಗೆ ಹಂಚಿಹೋಗುತ್ತಿತ್ತು. ಹೆಡ್‌ಫೋನುಗಳೂ ಕೈಕೆಲಸದವೇ: ಗುಜರಿಯ ಟೆಲಿಫೋನುಗಳ ಕಿವಿತುಂಡು, ಕೊಡೆಯ ಕಡ್ಡಿ, ಹಳೆಯ ಚಪ್ಪಲಿಯ ಸ್ಪಂಜು. ಸೆಲ್ವರಾಜ್, ಪಂಪ್ ನೋಡಿಕೊಳ್ಳುವ ದೊರೈ, ಮುನಿಶಾಮಿ, ಈಗ ನಾನು. ಒಬ್ಬೊಬ್ಬರಿಗೂ ಗೊತ್ತಾದ ಜಾಗ, ಅಲ್ಲೊಂದು ಗೊತ್ತಾದ ಹೆಡ್‌ಫೋನು. ಗೋಡೆ ಪಕ್ಕದ್ದು ಮುನಿಶಾಮಿಯವರದು. ಚಾಪೆಯ ಮೇಲೆ ನಾಗಸ್ವರ ಕೇಳುತ್ತ, ಒಬ್ಬರನ್ನೊಬ್ಬರು ನೋಡಿ ತಲೆದೂಗುತ್ತಿದ್ದೆವು. ಹೊರಗಿನವರಿಗೆ ಕೇಳಿಸುತ್ತಿದ್ದುದು ನೊಣದ ಸದ್ದು ಮಾತ್ರ.

“ನಾಕ್ ಜನ ಗಂಡಸ್ರು ಬಾಯ್ ಮುಚ್ಕೊಂಡ್ ಕೂತಿರಾದ್ನ ಇಲ್ಲೇ ನೋಡಿದ್ದು” ಎಂದು ರತ್ನಮ್ಮ ಆಡಿಕೊಳ್ಳುತ್ತಿದ್ದರು. ನಾನು ಬೆಸುಗೆ ಹಾಕಲು ಹೋಗಿ ಬೆರಳು ಸುಟ್ಟುಕೊಂಡ ದಿನ ದೊರೈ, “ಇವತ್ತು ಸಾರ್ ನಮ್ಮೂರವರಾದರು” ಎಂದ. ಈ ಊರಿನಲ್ಲಿ ಅಂಥ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಮುನಿಶಾಮಿಯ ಕೆಲಸವನ್ನೂ ಹೇಳಬೇಕು. ಕೆಳಗೆ ಸಿಡಿಮದ್ದು ಸಿಡಿದ ಮೇಲೆ ಮೊದಲು ಹೋಗುವವರು ಅವರು. ಕಬ್ಬಿಣದ ಕೋಲಿನಿಂದ ತಲೆಯ ಮೇಲಿನ ಬಂಡೆ ತಟ್ಟುತ್ತಾರೆ. ಗಟ್ಟಿ ಬಂಡೆ ಗಂಟೆಯಂತೆ ನುಡಿಯುತ್ತದೆ, ಸಡಿಲವಾದದ್ದು ಬೊದಬೊದ ಎನ್ನುತ್ತದೆ. ಅವರ ಕಿವಿ ಒಪ್ಪಿದರೆ ಉಳಿದವರು ಒಳಗೆ ಕಾಲಿಡುತ್ತಾರೆ.

ಇನ್ನೊಂದು ಭಾನುವಾರ ನನ್ನ ಜಾಗದಲ್ಲಿ ಬಿಸಿಲು ಬಿದ್ದಿತ್ತು. ಗೋಡೆ ಪಕ್ಕ ಕೂತು, ಅಲ್ಲಿದ್ದ ಹೆಡ್‌ಫೋನು ಹಾಕಿಕೊಂಡೆ. ಮುನಿಶಾಮಿ ಬಂದು ನನ್ನದನ್ನು ಎತ್ತಿಕೊಂಡರು. ಒಳಗಿನಿಂದ ಟೀ ತಂದ ಸೆಲ್ವರಾಜ್ ನಮ್ಮನ್ನು ನೋಡಿ, “ಅಯ್ಯೋ ಸಾರ್, ಅದು ಅಣ್ಣನ ಜಾಗ!” ಎನ್ನುವಷ್ಟರಲ್ಲಿ ದೊರೈ ಟೇಪು ಹಾಕಿಯಾಗಿತ್ತು. ಸದ್ದು ಕಪಾಳಕ್ಕೆ ಹೊಡೆದಂತಾಯಿತು. ಹೆಡ್‌ಫೋನು ಕಿತ್ತು ಎಸೆದೆ.

ಮುನಿಶಾಮಿ ನನ್ನ ಹೆಡ್‌ಫೋನನ್ನು ಕಿವಿಗೊತ್ತಿಕೊಂಡು ಸುಮ್ಮನೆ ಕೂತಿದ್ದರು.

“ಲೇ ಸೆಲ್ವ, ಇನ್ನೂ ಆಕಿಲ್ವೇನ್ಲಾ?”

ಟೇಪು ತಿರುಗುತ್ತಿತ್ತು. ದೊರೈ ತಲೆ ತಗ್ಗಿಸಿದ. ಮುನಿಶಾಮಿ ತಿರುಗುತ್ತಿದ್ದ ಟೇಪನ್ನು ನೋಡಿದರು. ಗೋಡೆ ಪಕ್ಕದ ಹೆಡ್‌ಫೋನು ಎತ್ತಿ ಕೇಳಿದರು, ಇಳಿಸಿದರು, ನನ್ನದನ್ನು ಕೇಳಿದರು, ಮತ್ತೆ ಅದನ್ನು. ಅವರು ಬಂಡೆ ಪರೀಕ್ಷಿಸುವುದೂ ಹೀಗೆಯೇ ಇರಬೇಕು.

ಸೆಲ್ವರಾಜ್ ಅವರ ಕಿವಿಯ ಹತ್ತಿರ ಕೂತು ಜೋರಾಗಿ ಹೇಳಿದ: “ಹೆಡ್‌ಫೋನು ಕೆಟ್ಟಿದೆ ಅಂತ ಮೊದಲು ನೀವೇ ಹೇಳಿದ್ರಿ ಅಣ್ಣೇ. ಅದು ಕೆಟ್ಟಿರಲಿಲ್ಲ. ನಿಮಗೆ ನೋವಾಗುತ್ತೆ ಅಂತ ರೆಸಿಸ್ಟರ್ ಬದಲಾಯಿಸಿ ನಿಮ್ಮ ಸದ್ದು ಮಾತ್ರ ಹೆಚ್ಚಿಸಿದೆ. ಆಮೇಲೆ ಇನ್ನೊಂದು ಸಲ. ಆಮೇಲೆ...”

“ಕೆಳಗ್ಲ ಬಂಡೆಗೆ ಏನ್ಲಾ ಆಕ್ತೀಯ?”

ಮುನಿಶಾಮಿ ಎರಡೂ ಹೆಡ್‌ಫೋನುಗಳನ್ನು ಚಾಪೆಯ ಮೇಲಿಟ್ಟರು.

“ಕೋಲು ತಟ್ಟಿದ್ರೆ ಸರ್ಯಾಗಿ ಕೇಳ್ತಿರ್ಲಿಲ್ಲ. ಬಾನ್ವಾರ ಇಲ್ಲಿ ಬಂದು ಕೇಳ್ತಿದ್ದೆ, ಚೆಂದಾಗೇ ಕೇಳ್ತಿತ್ತು. ಕಿವಿ ನೆಟ್ಟಗೈತೆ, ಬಂಡೇನೇ ಅಂಗೆ ಅಂತ ಓಗಿ ತಟ್ತಿದ್ದೆ ಕಣ್ಲಾ.” ಅವರು ಐದು ಬೆರಳು ಎತ್ತಿ ತೋರಿಸಿದರು. “ಐದು ಜನ ನನ್ನಿಂದೆ ಬತ್ತಾರೆ.”

ಅಂದೇ ಸಂಜೆ ರತ್ನಮ್ಮ ನನ್ನ ಕೋಣೆಯ ಬಾಗಿಲಿಗೆ ಬಂದರು. “ಪೇಪರ್ನಾಗೆ ಬರೀಬ್ಯಾಡಿ ಸಾರ್, ಕೈ ಮುಗೀತೀನಿ. ಈ ಕೆಲ್ಸ ಓದ್ರೆ ಕಂಪ್ನಿಯೋರು ಕೊಟ್ಟಿರೋ ಈ ಮನೇನೂ ಓಗ್ತದೆ.” ಬರೆಯುವುದಿಲ್ಲ ಎಂದೆ.

ಮುನಿಶಾಮಿ ಜ್ವರವೆಂದು ರಜೆ ಹಾಕಿದರು. ಸೆಲ್ವರಾಜ್ ಬೆಂಗಳೂರಿಗೆ ಹೋಗಿ ಬಿಡಿಭಾಗ ತಂದ. ಜೇಬಿನಲ್ಲಿಡುವಂಥ ಆಂಪ್ಲಿಫೈಯರ್, ಅದಕ್ಕೆ ಪುಟ್ಟ ಮೈಕು, ಹೆಲ್ಮೆಟ್ಟಿನೊಳಗೆ ಕಿವಿತುಂಡು. ದೊರೈಯೂ ನಾನೂ ಸೇರಿ ಮೂವರೂ ಬೆಸುಗೆಯ ಹೊಗೆಯಲ್ಲಿ ಕೂತೆವು. ಸೆಲ್ವರಾಜ್ ಊಟ ಬಿಟ್ಟಿದ್ದ. ಬೇರೆ ಏನು ಮಾಡಬಹುದಿತ್ತೋ ನಮಗೆ ತಿಳಿದಿರಲಿಲ್ಲ.

ಉರಿಗಾಂ ಹಿಂದಿನ ಬಂಡೆಗಳ ಬಳಿ ಪರೀಕ್ಷೆ. ಮುನಿಶಾಮಿ ಆ ಹೆಲ್ಮೆಟ್ ಹಾಕಿಕೊಂಡು ಬೆನ್ನು ತಿರುಗಿಸಿ ನಿಂತರು. ದೊರೈ ಒಮ್ಮೆ ಗಟ್ಟಿ ಬಂಡೆಯನ್ನು, ಒಮ್ಮೆ ಸಡಿಲ ಚಪ್ಪಡಿಯನ್ನು ಕೋಲಿನಿಂದ ತಟ್ಟಿದ.

“ಗಟ್ಟಿ” ಎಂದರು. ಅದು ಚಪ್ಪಡಿ. ಸೆಲ್ವರಾಜ್ ಸದ್ದು ಹೆಚ್ಚಿಸಿದ. “ಗಟ್ಟಿ.” ಅದೂ ಚಪ್ಪಡಿಯೇ. ಇನ್ನೂ ಹೆಚ್ಚಿಸಿದ. ಮುನಿಶಾಮಿ ಹೆಲ್ಮೆಟ್ ತೆಗೆದು ಅವನ ಕೈಗಿಟ್ಟರು.

“ಸದ್ದು ಬತ್ತದೆ. ಎಲ್ಲಾ ಒಂದೇ ತರ ಬತ್ತದೆ. ಸಾಕು ಬಿಡ್ಲಾ.”

ಸೆಲ್ವರಾಜ್ ಅವರ ಕಾಲ ಬಳಿ ಕುಸಿದು ಅತ್ತ. ಮುನಿಶಾಮಿ ಅವನ ತಲೆಯ ಮೇಲೆ ಕೈಯಿಟ್ಟು, ಸಂಗು ಕೂಗುವವರೆಗೂ ನಿಂತಿದ್ದರು. ಸಂಗು ಕೂಗಿದ್ದು ನಮ್ಮ ಮುಖ ನೋಡಿ ಅವರಿಗೆ ತಿಳಿಯಿತು. ನೇರವಾಗಿ ಗಣಿಗೆ ನಡೆದರು. ಇಳಿಯಲು ಸಾಲು ನಿಂತಿದ್ದ ತಮ್ಮ ಐವರ ಮುಂದೆ, “ನಂಗೆ ಕಿವಿ ಕೇಳಲ್ಲ. ಬೇರೇರ್ನ ಕರ್ಕೊಂಡು ಓಗಿ” ಎಂದು ಕೋಲು ಕೊಟ್ಟು ಬಂದರು.

ಮನೆ ಬಿಟ್ಟು ಅವರು ರತ್ನಮ್ಮನ ತವರೂರಿಗೆ ಹೋದರು. ಮಾರಿಕುಪ್ಪಂ ರೈಲಿನಲ್ಲಿ ಪಾತ್ರೆ ಮೂಟೆಗಳೊಂದಿಗೆ ಬಂಗಾರಪೇಟೆಯವರೆಗೆ ನಾನೂ ಹೋದೆ. ಹಿಂದಿರುಗಿ ಸೆಲ್ವರಾಜನ ಮನೆಯ ಜಗಲಿ ಕೋಣೆಗೆ ನನ್ನ ಪೆಟ್ಟಿಗೆ ಸಾಗಿಸಿದೆ. ಅವನು ಆಂಪ್ಲಿಫೈಯರಿನ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದ.

ಕೆಲವು ತಿಂಗಳ ನಂತರ ಅವರನ್ನು ನೋಡಲು ಹೋದೆ. ಮುನಿಶಾಮಿ ಹಸುವಿಗೆ ಬೂಸಾ ಕಲೆಸುತ್ತಿದ್ದರು. “ಸೆಲ್ವ ಎಂಗವ್ನೆ?” ಎಂದರು. ಕೂಗಿ ಉತ್ತರಿಸಿದೆ. ಕೈ ಅಡ್ಡ ಮಾಡಿದರು.

“ಕೂಗಬ್ಯಾಡಿ. ಬಾಯ್ ನೋಡಿ ತಿಳ್ಕೊಂತೀನಿ. ನಿಮ್ ಗದಗಿನ್ ಮಾತು ಬಾಯಾಗೆ ಕಾಣಲ್ಲ. ನಮ್ಮಂಗೆ ಮಾತಾಡಿ.”

ರತ್ನಮ್ಮ ಹೇಳಿಕೊಟ್ಟರು. ನಾನು ಬಾಯಿ ಅಗಲಿಸಿ, ನಿಧಾನವಾಗಿ ಹೇಳಿದೆ: “ಚೆಂದಾಗವ್ನೆ. ಮುಂದಿನ್ ಬಾನ್ವಾರ ಬತ್ತಾನೆ.”

ಅವರು ತಲೆದೂಗಿದರು.

ಅದಾದ ಮೇಲೆ ಆಗಾಗ ಹೋಗಿ ಹಾಗೆಯೇ ಮಾತಾಡಿ ಬರುತ್ತಿದ್ದೆ. ಆ ವರ್ಷ ದೀಪಾವಳಿಗೆ ಗದಗಿಗೆ ಹೋದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಹಿಂಗ್ಯಾಕ ಬಾಯಿ ತಗದು ತಗದು ಮಾತಾಡ್ತೀಯೋ? ನಾವೇನು ಕಿವುಡರೇನು?”

ಉತ್ತರಿಸಲು ಬಾಯಿ ತೆರೆದೆ. ಯಾವ ಊರಿನ ಮಾತು ಬರುತ್ತದೆಂದು ತಿಳಿಯದೆ ಮುಚ್ಚಿದೆ.