ಗೋಡೆಗೆ ಮುಖ ಮಾಡಿದ ಡಬ್ಬಿಗಳು

ಬೀರಪ್ಪ ಹವಾಲ್ದಾರರ ಕಿರಾಣಿ ಅಂಗಡಿಯಲ್ಲಿ ಡಬ್ಬಿಗಳೆಲ್ಲ ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದವು. ನಗುವ ಮಗು, ಹೊಗೆಯಾಡುವ ಬಟ್ಟಲು, ಕಂಪನಿಯ ಹೆಸರು ಎಲ್ಲ ಆ ಕಡೆ. ಗಿರಾಕಿಗೆ ಕಾಣುವುದು ಬೆನ್ನು ಮಾತ್ರ, ಇರುವೆ ಸಾಲಿನಂಥ ಅಕ್ಷರಗಳು. ವಾರಕ್ಕೊಮ್ಮೆ ಹುಕ್ಕೇರಿಗೆ ಬರುವ ಸೇಲ್ಸ್‌ಮನ್ ಅವನ್ನೆಲ್ಲ ಮುಂದಕ್ಕೆ ತಿರುಗಿಸಿಟ್ಟು ಹೋಗುತ್ತಿದ್ದ. ಅವನ ಮೋಟರ್‌ಸೈಕಲ್ಲು ಓಣಿ ದಾಟುವ ಮೊದಲೇ ಹವಾಲ್ದಾರರು ಎದ್ದು, ಪರೇಡಿನ ದನಿಯಲ್ಲಿ "ಪೀಛೇ ಮುಡ್" ಎನ್ನುತ್ತ ಒಂದೊಂದನ್ನೇ ಮತ್ತೆ ಹಿಂದಕ್ಕೆ ತಿರುಗಿಸುತ್ತಿದ್ದರು.

ಈ "ಪೀಛೇ ಮುಡ್" ನಾನು ಕಿವಿಯಾರೆ ಕೇಳಿದ್ದೋ, ಆಮೇಲೆ ಅವರ ಬಗ್ಗೆ ಯಾರಿಗೋ ಹೇಳುವಾಗ ಸೇರಿಸಿಕೊಂಡದ್ದೋ, ಖಚಿತವಿಲ್ಲ. ಡೈರಿಯಲ್ಲಿ ಇಲ್ಲ. ನೆನಪಿಗೂ ಡೈರಿಗೂ ಜಗಳ ಬಿದ್ದಾಗ ನಾನು ಡೈರಿಯನ್ನು ನಂಬುವವಳು. ಆದರೆ ಡಬ್ಬಿ ತಿರುಗಿಸುತ್ತಿದ್ದುದಂತೂ ನಿಜ, ಅದನ್ನು ಹುಕ್ಕೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

"ದೊಡ್ಡ ಅಕ್ಷರ ಕಂಪನಿಯವ್ರು ತಮ್ಮ ಖುಷಿಗೆ ಬರೀತಾರ್ರಿ," ಎನ್ನುತ್ತಿದ್ದರು. "ಸಣ್ಣ ಅಕ್ಷರ ಸರಕಾರಕ್ಕ ಹೆದರಿ ಬರೀತಾರ. ನಮಗ ಬೇಕಾಗಿದ್ದು ಹೆದರಿ ಬರದದ್ದು."

ಘೋಡಗೇರಿಯ ಕುರಿ ಸಾಕುವ ಮನೆತನ ಅವರದು. ಅಣ್ಣಂದಿರು ಕುರಿಯ ಹಿಂದೆ ಹೋದರು, ಇವರು ಮಿಲಿಟರಿಗೆ ಹೋದರು. ಅಲ್ಲಿ ಬಂದೂಕಿಗಿಂತ ಹೆಚ್ಚು ಹಿಡಿದದ್ದು ರೇಷನ್ ಕೋಠಿಯ ಕೀಲಿಕೈ. ಹಿಮದ ಠಾಣೆಗಳಿಗೆ ಡಬ್ಬಿ ಊಟ ಕಳಿಸುವ ಕೆಲಸ. ನಿವೃತ್ತರಾಗಿ ಬಂದು ಹುಕ್ಕೇರಿಯಲ್ಲಿ ಅಂಗಡಿ ಹಾಕಿದ ಮೇಲೂ ಪ್ರತಿ ಡಬ್ಬಿಯ ನೆತ್ತಿಗೆ ಉಗುರಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದರು. ಊದಿದ ಡಬ್ಬಿಯ ದನಿ ಬೇರೆಯಂತೆ. ನನಗೆ ಎಲ್ಲವೂ ಒಂದೇ ದನಿ ಕೇಳಿಸುತ್ತಿತ್ತು.

ನನ್ನದು ಮಣ್ಣು ಪರೀಕ್ಷೆಯ ಕೆಲಸ. ಧಾರವಾಡದಲ್ಲಿ ಓದಿ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹೊಲ ತಿರುಗಿ ಮಣ್ಣಿನ ಮಾದರಿ ತರುವ ನೌಕರಿಗೆ ಸೇರಿದೆ. ಸೇರಿದ ಎರಡನೇ ವರ್ಷ ಮೈಯಿಳಿಯತೊಡಗಿತು. ಉಂಡದ್ದು ನಿಲ್ಲದು, ಬದುವಿನ ಮೇಲೆ ನಡೆಯುವಾಗ ಕಣ್ಣಿಗೆ ಕತ್ತಲೆ. ಬೆಳಗಾವಿಯ ಡಾಕ್ಟರು ಸೀಲಿಯಾಕ್ ಕಾಯಿಲೆ ಎಂದರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಒಳಗೆ ಹೋದರೆ ದೇಹ ತನ್ನ ಕರುಳನ್ನೇ ಗಾಯಮಾಡಿಕೊಳ್ಳುತ್ತದೆ. ಗುಳಿಗೆಯಿಲ್ಲ. ಗೋಧಿಯನ್ನು ಕೊನೆಯ ಕಣದವರೆಗೂ ಬಿಡುವುದೇ ಔಷಧ.

"ಜ್ವಾಳದ ನಾಡಿನ್ಯಾಗ ಇದೇನ್ ದೊಡ್ಡ ರೋಗರಿ, ರೊಟ್ಟಿ ತಿನ್ರಿ," ಎಂದು ಎಲ್ಲರೂ ಹೇಳಿದರು. ಗಿರಣಿಯಲ್ಲಿ ನನ್ನ ಜೋಳಕ್ಕಿಂತ ಮೊದಲು ಅದೇ ಕಲ್ಲಿನಲ್ಲಿ ಯಾರದೋ ಗೋಧಿ ಬೀಸಿರುತ್ತದೆ ಎಂದು ಅವರಿಗೆ ಹೊಳೆಯುತ್ತಿರಲಿಲ್ಲ. ಮೊದಮೊದಲು ನನಗೂ ಹೊಳೆಯಲಿಲ್ಲ. ಸಣ್ಣದೊಂದು ಯಂತ್ರ ತಂದು ಕೋಣೆಯಲ್ಲೇ ಬೀಸಿಕೊಂಡೆ. ಆದರೆ ಹೊಟ್ಟೆ ಕೆಟ್ಟ ದಿನ ರೊಟ್ಟಿ ಇಳಿಯುತ್ತಿರಲಿಲ್ಲ. ಹೊಲದಲ್ಲಿ ಮುಚ್ಚಳ ತೆಗೆದು ಕುಡಿದುಬಿಡುವಂಥ ಒಂದು ಡಬ್ಬಿ ಸೂಪು ಬೇಕಿತ್ತು. ಸೂಪು ಮಂದವಾಗಲು ಹಾಕುವುದೇ ಮೈದಾ. ಅತ್ತ ಮೇಲಧಿಕಾರಿಗಳು, ಇನ್ನೊಮ್ಮೆ ರಜೆ ಹಾಕಿದರೆ ಹೊಲದ ಕೆಲಸ ಬೇರೆಯವರಿಗೆ, ನೀವು ಬೆಳಗಾವಿಯ ಮೇಜಿಗೆ ಎಂದು ಮೆತ್ತಗೆ ಹೇಳಿಯಾಗಿತ್ತು. ಮಣ್ಣನ್ನು ಪೊಟ್ಟಣದಲ್ಲಷ್ಟೇ ನೋಡುವ ಬದುಕು ನನಗೆ ಬೇಡವಾಗಿತ್ತು.

ಹೀಗೆ ಸೂಪು ಹುಡುಕುತ್ತ ಹವಾಲ್ದಾರರ ಅಂಗಡಿಗೆ ಹೋದೆ. ಕಪ್ಪು ಟ್ರಂಕಿನ ಮೇಲೆ ಕೂತಿದ್ದ ಅವರು ನನ್ನ ರೋಗದ ಕತೆ ಪೂರ್ತಿ ಕೇಳಿದರು. ಅಯ್ಯೋ ಎನ್ನಲಿಲ್ಲ. ನನಗೆ ಅದೇ ಹಿಡಿಸಿತು.

"ಅಂದ್ರ ಗೋದಿ ನಿಮಗ ದುಶ್ಮನ್. ಮೈದಾ, ರವಾ ಅದರ ಮಕ್ಕಳು. ಬಾರ್ಲಿ?"

"ಅದೂ ಬ್ಯಾಡ್ರಿ ಕಾಕಾ."

"ಅದು ಕಾಕಾನ ಮಗ ಇದ್ದಂಗ," ಎಂದು ತಲೆಯಾಡಿಸಿದರು. "ಆತು. ಹದಿನೈದು ದಿನ ಟೈಮ್ ಕೊಡ್ರಿ."

ಸಂಕೇಶ್ವರದಿಂದ ಕೊಲ್ಹಾಪುರಕ್ಕೆ ದಿನಾ ಹೋಗಿಬರುವ ಟೆಂಪೊದವರ ಕೈಯಲ್ಲಿ ಚೀಟಿ ಕೊಟ್ಟು, ಅಲ್ಲಿ ಸಿಗುವ ಸೂಪುಗಳನ್ನೆಲ್ಲ ಒಂದೊಂದು ತರಿಸಿದರು. ನಾನು ಹೋದಾಗ ಕಟ್ಟೆಯ ಮೇಲೆ ಬೆನ್ನು ತೋರಿಸಿ ನಿಂತಿದ್ದವು. ವಿಚಾರಣೆ ಶುರುವಾಯಿತು. ಹವಾಲ್ದಾರರಿಗೆ ಇಂಗ್ಲಿಷ್ ಬೇಕಾದಷ್ಟು ಬರುತ್ತಿತ್ತು, ಬಾರದ ಕಡೆ ನಾನಿದ್ದೆ. ಕಾಳುಮೆಣಸು, ಉಪ್ಪು, ಟೊಮ್ಯಾಟೊ ಇವಕ್ಕೆಲ್ಲ ದಾರಿ ಬಿಟ್ಟರು. 'ಸ್ಟಾರ್ಚ್' ಎಂಬಲ್ಲಿ ಬೆರಳು ನಿಂತಿತು.

"ಯಾವುದರ ಸ್ಟಾರ್ಚು?"

"ಬರದಿಲ್ರಿ."

"ಊರು ಹೆಸರು ಹೇಳಲಾರದವನ್ನ ನಾವು ಮಿಲಿಟರಿ ಪೋಸ್ಟಿನ ಒಳಗ ಬಿಡ್ತಿದ್ದಿಲ್ಲ," ಎಂದು ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದರು. ಆ ಕಡೆ ಯಾವುದೋ ಊರಿನ ಹುಡುಗಿ. ಇವರು ಮಿಲಿಟರಿ ಹಿಂದಿಯಲ್ಲಿ, "ಬೇಟಿ, ಯೇ ಸ್ಟಾರ್ಚ್ ಕಿಸಕಾ ಹೈ?" ಎಂದರು. ಆ ಮಗು ದೂರು ಏನೆಂದು ಕೇಳಿತು. ದೂರಿಲ್ಲ, ಪರಿಚಯ ಬೇಕು ಎಂದರು. ನಾಲ್ಕು ದಿನ, ನಾಲ್ಕು ಫೋನು. ಕಡೆಗೆ ಗೋವಿನಜೋಳದ್ದು ಎಂದು ಉತ್ತರ ಬಂತು. ಗೋಧಿ ಬಳಸುವ ಕಾರ್ಖಾನೆಯಲ್ಲಿ ಮಾಡಿದ್ದೇ ಎಂದು ಕೇಳಲು ಮತ್ತೊಂದು ಫೋನು. ಅಲ್ಲವೆಂದು ತಿಳಿದ ಮೇಲೆ, ಬೇಳೆ ಮತ್ತು ತರಕಾರಿಯ ಆ ಕೆಂಪು ಡಬ್ಬಿಯನ್ನು ಬೇರೆ ಹಲಗೆಯ ಮೇಲಿಟ್ಟು, "ಪಾಸ್," ಎಂದರು. ಉಳಿದವನ್ನೆಲ್ಲ ಮನೆಯವರು ತಿಂಗಳುಗಟ್ಟಲೆ ಕುಡಿದರು. ಅವರ ಹೆಂಡತಿ ಮಾಯವ್ವ ಕಾಕು ಒಳಗಿನಿಂದಲೇ, "ನಿಮ್ಮ ರೋಗದಾಗ ನಮಗ ಸಾರಿಲ್ದಂಗಾತು ನೋಡವಾ," ಎಂದು ನನ್ನನ್ನು ಕಾಡಿಸುತ್ತಿದ್ದರು.

ಪಾಸಾದ ಡಬ್ಬಿಯನ್ನು ಮೊದಲ ಸಲ ಕುಡಿದದ್ದು ಅವರ ಮನೆಯಲ್ಲೇ. ಅಂಗಡಿಯ ಹಿಂದೆಯೇ ಅಡುಗೆಮನೆ, ನಡುವೆ ಒಂದು ಪರದೆ. ನನಗೆ ನೆನಪಿರುವುದು ಹೀಗೆ: ನಾನು ಸ್ಟೂಲಿನ ಮೇಲೆ, ಹವಾಲ್ದಾರರು ಎದುರಿಗೆ ಟ್ರಂಕಿನ ಮೇಲೆ. ಹಿಮದ ಠಾಣೆಯ ಕತೆ ಹೇಳುತ್ತಿದ್ದರು. ಡಬ್ಬಿಗಳ ಕಾಗದವೆಲ್ಲ ತೊಯ್ದು ಉದುರಿಹೋಗಿ ಯಾವುದರಲ್ಲಿ ಏನಿದೆ ಎಂದು ತಿಳಿಯದೆ, ಬೇಳೆಯೆಂದು ಒಡೆದದ್ದೆಲ್ಲ ಅನಾನಸು ಆಗಿ, ಮೂರು ದಿನ ಅನಾನಸಿನೊಂದಿಗೆ ಚಪಾತಿ ತಿಂದ ಕತೆ. "ಅವತ್ತಿಂದ ನನಗ ಹೆಸರಿಲ್ಲದ ಡಬ್ಬಿ ಕಂಡ್ರ ಆಗಂಗಿಲ್ರಿ." ಅವರು ಹಾಗೆನ್ನುವಾಗಲೇ ಪರದೆಯ ಆಚೆ ಚುರ್ ಎಂದಿತು. ಘಮ ಬಂತು.

ಆದರೆ ಈ ನೆನಪನ್ನು ನಂಬಬಾರದೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಯಾಕೆಂದು ಈಗ ಬರುತ್ತದೆ.

ಸೂಪು ರುಚಿಯಾಗಿತ್ತು. ಸಂಜೆಗೆ ಹೊಟ್ಟೆ ಕಲ್ಲಾಯಿತು. ಎಂಟು ದಿನ ಮಲಗಿದೆ. ಯಾವ ರಜೆಯನ್ನು ಹಾಕಬಾರದಿತ್ತೋ ಅದನ್ನೇ ಹಾಕಬೇಕಾಯಿತು. ಇದೇ ಕೊನೆ ಎಂದು ಮೇಲಧಿಕಾರಿಗಳು ಬಿಟ್ಟರು. ಆ ಎಂಟು ದಿನ ರೋಗಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು: ಇಷ್ಟು ಎಚ್ಚರ ವಹಿಸಿದವರ ಮನೆಯಲ್ಲೇ ಹೀಗಾದರೆ, ಇನ್ನು ಯಾರ ಮನೆಯಲ್ಲಿ ಉಣ್ಣಲಿ?

ಎದ್ದು ಹೋದಾಗ ಹವಾಲ್ದಾರರು ತನಿಖೆ ಮುಗಿಸಿದ್ದರು. ಡಬ್ಬಿ ಕಂಪನಿಗೆ ಫೋನ್ ಮಾಡಿದ್ದರು, ಪಾತ್ರೆ ನೋಡಿದ್ದರು, ಸೌಟು ನೋಡಿದ್ದರು. ಕಟ್ಟೆಯ ಮೇಲೆ ಒಂದೇ ಒಂದು ವಸ್ತು ಇತ್ತು. ಬೆರಳುದ್ದದ ಹಿಂಗಿನ ಡಬ್ಬಿ. ಬೆನ್ನು ನನ್ನ ಕಡೆಗಿತ್ತು. ಭೂತಗನ್ನಡಿ ಕೈಗೆ ಕೊಟ್ಟರು. ಗೋಂದು, ಗೋಧಿ ಹಿಟ್ಟು, ಆಮೇಲೆ ಹಿಂಗು.

"ಮನ್ಯಾಗಿಂದು ಅಂತ ಇದನ್ನ ನಾ ತಿರುಗಿಸಿ ನೋಡಲೇ ಇಲ್ಲ," ಎಂದರು. "ಸಪ್ಪಗ ಐತಿ ಅಂತ ಸೂಪಿಗೆ ಒಗ್ಗರಣಿ ಹಾಕಿದಾವ ನಾನ. ತಪ್ಪು ನಂದು."

ನಮ್ಮ ಕಡೆ ಸಪ್ಪೆಯದನ್ನು ಅತಿಥಿಗೆ ಕೊಡಲು ಕೈ ಬರುವುದಿಲ್ಲ. ಡಬ್ಬಿಯಿಂದ ಬಂದ ಸೂಪಾದರೂ ಅದಕ್ಕೊಂದು ಒಗ್ಗರಣೆ ಬೀಳಲೇಬೇಕು. ಅದನ್ನು ತಪ್ಪೆಂದು ಹೇಗೆ ಹೇಳಲಿ? ಆ ದಿನದ ಡೈರಿಯಲ್ಲಿ ಬರೆದೆ: "ಒಗ್ಗರಣೆ ಹಾಕಿದ್ದು ಹವಾಲ್ದಾರ ಕಾಕಾ. ಹಿಂಗು." ಹಾಗಾದರೆ ಚುರ್ ಎಂದಾಗ ಅವರು ಒಳಗಿದ್ದಿರಬೇಕು. ಅನಾನಸಿನ ಕತೆ ಬೇರೆ ದಿನದ್ದು, ನಾನು ಎರಡನ್ನೂ ಸೇರಿಸಿಕೊಂಡಿದ್ದೇನೆ ಎಂದು ತೀರ್ಮಾನಿಸಿದೆ. ಲಿಖಿತ ಸಾಕ್ಷಿಯ ಮುಂದೆ ನೆನಪಿನದೇನು?

ಅವರ ಮನೆಯಲ್ಲಿ ಉಣ್ಣುವುದನ್ನು ನಿಲ್ಲಿಸಿದೆ. ಚಹಾ ಕೂಡ ಬೇಡವೆಂದೆ. ಅವರು ಒಮ್ಮೆಯೂ ಒತ್ತಾಯ ಮಾಡಲಿಲ್ಲ. ಕಾಕು ಮಾತ್ರ ನನ್ನನ್ನು ಕಾಡಿಸುವುದು ನಿಲ್ಲಿಸಿದರು. ಪರದೆಯ ಆಚೆಯೇ ಉಳಿದರು. ಅದನ್ನು ಆಗ ನಾನು ಗಮನಿಸಿದೆನೇ? ಡೈರಿಯಲ್ಲಂತೂ ಇಲ್ಲ.

ಹವಾಲ್ದಾರರು ಮಾಡಿದ್ದು ಬೇರೆ. ನನ್ನ ತಿರುಗಾಟದ ದಿನಗಳನ್ನು ಕೇಳಿ ತಿಳಿದುಕೊಂಡರು. ಆಮೇಲೆ ಒಂದು ದಿನ ಮೂಡಲಗಿಯ ಬಸ್ ಸ್ಟ್ಯಾಂಡ್ ಬಳಿಯ ಅಂಗಡಿಗೆ ನೀರಿಗೆಂದು ಹೋದೆ. ಚಿತ್ರಗಳು ಫಳಫಳ ಹೊಳೆಯುವ ಕಪಾಟಿನ ಮೂಲೆಯಲ್ಲಿ ನಾಲ್ಕು ಕೆಂಪು ಡಬ್ಬಿ ಗೋಡೆಗೆ ಮುಖ ಮಾಡಿ ನಿಂತಿದ್ದವು.

"ಇವು ಯಾಕ್ರಿ ಹಿಂಗ?" ಎಂದೆ.

"ಹುಕ್ಕೇರಿ ಕಡಿಂದ ಮಿಲಿಟರಿಯವರು ಒಬ್ರು ಬಂದಿದ್ರು," ಅಂಗಡಿಯವರು ಹೇಳಿದರು. "ಮಣ್ಣು ತುಂಬಿದ ಚೀಲ ಹೊತ್ತು ಮೇಡಂ ಬರ್ತಾರ, ಈ ಡಬ್ಬಿ ಹಿಂಗ ಇಡ್ರಿ, ಅವರಿಗೆ ಗೊತ್ತಾಗತೈತಿ ಅಂದ್ರು. ಯಾಕ ಅಂದ್ರ, ಆರ್ಡರ್ ಅಂದ್ರು."

ಗೋಕಾಕದಲ್ಲೂ ಒಂದು ಅಂಗಡಿ ಹಾಗೆ ಸಿಕ್ಕಿತು. ಮುಂದೆ ನಿಡಸೋಸಿಯ ಕಾಲೇಜಿನ ಹತ್ತಿರವೂ. ಬಸ್ಸಿನಲ್ಲಿ ಕೂತು ಊರೂರಿಗೆ ಹೋಗಿ, ಗುರುತಿಲ್ಲದ ಅಂಗಡಿಕಾರರನ್ನು ಒಪ್ಪಿಸಿ ಬಂದಿದ್ದರು. ಅವರು ಸೂಪಿನ ರುಚಿಯ ಬಗ್ಗೆ ಎಂದೂ ಮಾತಾಡಲಿಲ್ಲ. ಅವರ ಪಾಲಿಗೆ ಅದು ದಾರಿಯುದ್ದಕ್ಕೂ ನನಗೆ ಠಾಣೆ ಹಾಕಿಕೊಡುವ ಕೆಲಸ. ಹೊಲದ ಕೆಲಸ ನನ್ನ ಕೈ ತಪ್ಪಲಿಲ್ಲ. ಆ ಎಂಟು ದಿನದ ನಂತರ ಹೊಟ್ಟೆಯ ಕಾರಣಕ್ಕೆ ನಾನು ರಜೆ ಹಾಕಿಲ್ಲ. ಅಚ್ಚುಕಟ್ಟಾಗಿ ಕೆಲಸ ಮಾಡಿದ್ದೇನೆ, ಮೈ ತುಂಬಿಕೊಂಡಿದ್ದೇನೆ. ಯಾವ ಊರಿನ ಯಾವ ಅಂಗಡಿಗಾದರೂ ಹೋಗಿ ಯಾವ ಡಬ್ಬಿಯನ್ನಾದರೂ ವಿಚಾರಿಸಬಲ್ಲೆ.

ಕೊನೆಯ ಸಲ ಅವರನ್ನು ಕಂಡದ್ದು ಹುಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ. ಗೋಕಾಕದ ಬಸ್ಸು ಹತ್ತುತ್ತಿದ್ದೆ. ಕಿಟಕಿಗೆ ಬಂದು, "ಕೆಂಪು ಡಬ್ಬಿಯವ್ರು ಕಾಗದ ಬದಲ ಮಾಡ್ಯಾರ. ಹೊಸಾದು ನಾ ಇನ್ನೂ ಓದಿಲ್ಲ. ಓದೂತನಕ ಕುಡೀಬ್ಯಾಡ ತಂಗಿ," ಎಂದರು. ಮೇಡಂ ಯಾವಾಗ ತಂಗಿ ಆದೆನೋ ಗೊತ್ತಿಲ್ಲ. ಆ ವಾರವೇ ಅಂಗಡಿಯಲ್ಲಿ ಕೂತಲ್ಲೇ ಹೋದರು. ನಾನು ಮೂಡಲಗಿಯ ಕಬ್ಬಿನ ಗದ್ದೆಯಲ್ಲಿದ್ದೆ, ಅವರ ಮಣ್ಣಿಗೆ ತಲುಪಲಾಗಲಿಲ್ಲ.

ಎರಡು ತಿಂಗಳ ಮೇಲೆ ಹೋದಾಗ ಅಂಗಡಿ ತೆರೆದಿತ್ತು. ಟ್ರಂಕಿನ ಮೇಲೆ ಮಾಯವ್ವ ಕಾಕು. ಡಬ್ಬಿಗಳೆಲ್ಲ ಮುಂದಕ್ಕೆ ಮುಖ ಮಾಡಿದ್ದವು. ಸೇಲ್ಸ್‌ಮನ್ ತಿರುಗಿಸಿದ್ದು ಹಾಗೇ ಉಳಿದಿತ್ತು. ಕಾಕುಗೆ ಓದಲು ಬಾರದು.

"ಕೂಡ್ರವಾ," ಎಂದು ಸ್ಟೂಲು ಸರಿಸಿದರು. ಹಲಗೆಯಿಂದ ಕೆಂಪು ಡಬ್ಬಿ ತೆಗೆದು, ತಿರುಗಿಸಿ, ಸಣ್ಣ ಅಕ್ಷರಗಳ ನಡುವೆ ಸರಿಯಾಗಿ ಆ ಸಾಲಿನ ಮೇಲೆ ಬೆರಳಿಟ್ಟರು. "ಹೊಸಾ ಕಾಗದ. ಇಲ್ಲೇ ಇರತೈತಂತಲ್ಲ? ಹಳೇದ್ರಾಗ ಅವರು ತೋರಿಸಿದ್ರು. ಓದು."

ಓದಿದೆ. ಗೋವಿನಜೋಳದ ಸ್ಟಾರ್ಚ್ ಎಂದು ಈ ಸಲ ಕಂಪನಿಯವರೇ ಬರೆದಿದ್ದರು. ಪಾಸ್ ಎಂದೆ.

ಕಾಕು ಡಬ್ಬಿಯನ್ನು ಸೆರಗಿನಿಂದ ಒರೆಸುತ್ತ ಕೂತರು. "ಒಂದು ಮಾತು ಹೇಳೂದಿತ್ತು ನಿನಗ. ಆವತ್ತು ಹಿಂಗು ಹಾಕಿದಾಕಿ ನಾನು. ಅವರಿಗೆ ಒಲಿ ಹಚ್ಚಾಕರ ಎಲ್ಲಿ ಬರ್ತಿತ್ತು? ನಿನ್ನ ಮುಂದನ ಕುಂತು ಆ ಅನಾನಸಿನ ಪುರಾಣ ಹೇಳಾಕತ್ತಿದ್ರಲ್ಲ. ಆಮ್ಯಾಲ ಗೊತ್ತಾದಾಗ ನಾ ಅಳಾಕತ್ತಿದ್ದೆ, ಆ ಹುಡಿಗಿ ಮುಂದ ಹೆಂಗ ನಿಲ್ಲಲಿ ಅಂತ. ಅವರು, ನೀ ಸುಮ್ನಿರು, ಪೋಸ್ಟಿನ್ಯಾಗ ಏನ ತಪ್ಪಾದ್ರೂ ಅದು ಹವಾಲ್ದಾರಂದ ಅಂದ್ರು."

ಇಷ್ಟು ವರ್ಷ ನೆನಪು ಸರಿಯಾಗಿತ್ತು. ಡೈರಿಯೂ ಸುಳ್ಳು ಬರೆದಿರಲಿಲ್ಲ. ಅವರು ಹೇಳಿದ್ದನ್ನೇ ಬರೆದಿತ್ತು. ಹೇಳಿದವರು ಹೆಂಡತಿಯ ಮುಂದೆ ಅಡ್ಡ ನಿಂತಿದ್ದರು ಎಂಬುದನ್ನು ಮಾತ್ರ ನಾನು ಓದಿರಲಿಲ್ಲ.

ಕಾಕು ಎದ್ದರು. "ಬಿಸಿ ಮಾಡಿ ಕೊಡ್ಲೇನು? ಹೆಂಗೈತಿ ಹಂಗ. ಏನೂ ಹಾಕಂಗಿಲ್ಲ."

"ಹಿಂಗು ಬ್ಯಾಡ ಕಾಕು," ಎಂದೆ. "ಬಳ್ಳೊಳ್ಳಿ, ಜೀರಗಿ, ಕರಿಬೇವು ಹಾಕಿ ಒಗ್ಗರಣಿ ಕೊಡ್ರಿ. ಸಪ್ಪಗಿದ್ದದ್ದು ನನಗ ಸೇರಂಗಿಲ್ಲ."

ಅವರು ಡಬ್ಬಿ ಎತ್ತಿಕೊಂಡರು. ಬಳಿಕ ಪರದೆ ಸರಿಸಿ ಒಳಗೆ ಹೋದರು. ನಾನು ಹಲಗೆಯ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸುತ್ತ ಬಂದೆ. ಕೊನೆಯದನ್ನು ತಿರುಗಿಸುವಾಗ ಚುರ್ ಎಂದಿತು. ಸದ್ದು ಬಂದದ್ದು ಪರದೆಯ ಆಚೆಯಿಂದ. ಅದನ್ನು ಆ ದಿನವೇ ಡೈರಿಯಲ್ಲಿ ಬರೆದಿಟ್ಟಿದ್ದೇನೆ.