ಮುದ್ದೆ ತಿರುವಿದ ಕಂಪ್ಯೂಟರ್

ನನಗೆ ಕೋಪವೂ ಮೂಗಿನ ತುದಿಯಲ್ಲೇ, ನಗುವೂ ಅಲ್ಲೇ. ಬುಕ್ಕಾಂಬುಧಿಯಿಂದಾಚೆ ಒಂದು ಊರಿನ ಪ್ರೌಢಶಾಲೆಯಲ್ಲಿ ಗಣಿತದ ಮೇಡಂ ನಾನು. ಬೆಳೆದದ್ದು ಕಡೂರಿನ ಕೇರಿಯಲ್ಲಿ. ಕಂಪ್ಯೂಟರನ್ನು ಮೊದಲ ಸಲ ಮುಟ್ಟಿದ್ದು ಡಿಗ್ರಿ ಮುಗಿಸಿದ ಮೇಲೆ, ಅದೂ ಬೈಸಿಕೊಂಡು. ನಮ್ಮ ಕೇರಿಗಳ ಮಕ್ಕಳು ಅಷ್ಟು ವರ್ಷ ಕಾಯಬಾರದೆಂದು ಹಟ ಹಿಡಿದು, ಶನಿವಾರ ಶಾಲೆ ಬಿಟ್ಟ ಮೇಲೆ ಕೋಡಿಂಗ್ ಕ್ಲಾಸು ಶುರು ಮಾಡಿದ್ದೆ. ಮಕ್ಕಳು ಹನ್ನೆರಡು, ಕಂಪ್ಯೂಟರ್ ಮೂರು, ಕರೆಂಟು ಅದರ ಮರ್ಜಿ.

ಅವರಲ್ಲೊಬ್ಬಳು ಆಗಷ್ಟೇ ಹತ್ತನೇ ತರಗತಿ ಪಾಸಾಗಿದ್ದಳು. ಟಿ.ಸಿ. ತೆಗೆದುಕೊಂಡರೂ ನನ್ನ ಕ್ಲಾಸು ಬಿಟ್ಟಿರಲಿಲ್ಲ. ನಾನು ಒಂದು ಹೇಳಿಕೊಟ್ಟರೆ ನಾಲ್ಕು ಮಾಡಿಕೊಂಡು ಬರುವ ಹುಡುಗಿ. ತರೀಕೆರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಬೇಕೆಂದು ಅವಳಿಗೆ ಬಲು ಆಸೆ. ಅರ್ಜಿ ಕೊಡಲು ಸೋಮವಾರವೇ ಕೊನೆ. ಆದರೆ ಅವಳ ಅಮ್ಮ, ನಮ್ಮ ಶಾಲೆಯಲ್ಲೇ ಬಿಸಿಯೂಟ ಮಾಡುವ ಅಕ್ಕ, ಸಹಿ ಹಾಕಲು ಸುತಾರಾಂ ಒಪ್ಪಿರಲಿಲ್ಲ. ಅಜ್ಜಂಪುರದಲ್ಲಿ ಹೊಲಿಗೆ ಕಲಿತರೆ ಸಾಕು, ಕಂಪ್ಯೂಟರ್ ಎಲ್ಲ ನಮ್ಮಂಥವರಿಗಲ್ಲ ಎಂದು ಒಂದೇ ಮಾತು. ನಾನು ವಾರದಿಂದ ಅರ್ಜಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಅವರ ಹಿಂದೆ ಮುಂದೆ ಸುತ್ತುತ್ತಿದ್ದೆ.

ಆ ಶನಿವಾರ ಕ್ಲಾಸು ಶುರುವಾಗುತ್ತಿದ್ದಂತೆ ಕರೆಂಟು ಹೋಯಿತು. ಮೊದಲು ಮೈಯೆಲ್ಲ ಉರಿಯಿತು, ಆಮೇಲೆ ಒಂದು ಹುಚ್ಚು ಹೊಳೆಯಿತು. ಇವತ್ತು ಈ ಹುಡುಗಿಯೇ ಕಂಪ್ಯೂಟರ್ ಎಂದೆ. ಹೇಳಿದ್ದನ್ನಷ್ಟೇ ಮಾಡುತ್ತಾಳೆ, ಸ್ವಂತ ಬುದ್ಧಿ ಓಡಿಸುವಂತಿಲ್ಲ. ಇವಳ ಕೈಯಲ್ಲಿ ಮುದ್ದೆ ಮಾಡಿಸಿ ನೋಡೋಣ. ಒಬ್ಬಳು ಮನೆಗೆ ಓಡಿ ಡಬ್ಬಿಯಲ್ಲಿ ರಾಗಿಹಿಟ್ಟು ತಂದಳು. ಎಲ್ಲರೂ ಬಿಸಿಯೂಟದ ಅಡುಗೆಮನೆಗೆ ನುಗ್ಗಿದೆವು. ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಅಕ್ಕ, ಗಲೀಜು ಮಾಡಿದರೆ ನೀವೇ ತೊಳೆಯಬೇಕೆಂಬ ಷರತ್ತಿನ ಮೇಲೆ ಒಂದು ಪಾತ್ರೆ, ಒಂದು ಕೋಲು ಕೊಟ್ಟರು.

ನೀರಿಡು ಎಂದರು ಮಕ್ಕಳು. ಅವಳು ನೀರಿನ ಪಾತ್ರೆಯನ್ನು ನೆಲದ ಮೇಲಿಟ್ಟು ಕೈಕಟ್ಟಿ ನಿಂತಳು. ಒಲೆ ಮೇಲೆ ಎಂದರು, ಇಟ್ಟಳು. ಒಲೆ ಹಚ್ಚು ಎಂದು ಮಾತ್ರ ಯಾರೂ ಹೇಳಲಿಲ್ಲ. ಈಗ ಕುದಿಯುತ್ತೆ, ಆಗ ಕುದಿಯುತ್ತೆ ಎಂದು ಎಲ್ಲರೂ ತಣ್ಣಗಿನ ಪಾತ್ರೆ ನೋಡುತ್ತ ಕೂತರು. ಅಂತೂ ಒಲೆ ಹತ್ತಿ ನೀರು ಕುದಿದು, ಹಿಟ್ಟು ಹಾಕು ಎಂದಾಗ ಡಬ್ಬಿಯನ್ನೇ ಬೋರಲು ಹಾಕಹೊರಟಳು, ಕೈಹಿಡಿದು ತಡೆದರು. ಕೊನೆಗೆ ತಿರುವು ಎಂದರು. ತಿರುವಿದಳು, ತಿರುವಿದಳು, ತಿರುವುತ್ತಲೇ ಇದ್ದಳು. ಯಾವಾಗ ನಿಲ್ಲಿಸಬೇಕೆಂದು ಯಾರೂ ಹೇಳಿರಲಿಲ್ಲವಲ್ಲ. ಹಣೆಯಲ್ಲಿ ಬೆವರು ಇಳಿಯುತ್ತಿದೆ, ಮುಖದಲ್ಲಿ ಒಂದು ಗೆರೆ ನಗುವಿಲ್ಲ. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಾನಂತೂ ಅಕ್ಕಿ ಮೂಟೆಯ ಮೇಲೆ ಕುಸಿದು ಕೂತೆ.

ಐದು ನಿಮಿಷ ತಿರುವಿ ನಿಲ್ಲಿಸು ಎಂದು ಒಬ್ಬ ಜಾಣ ಹೇಳಿದ. ಅಲ್ಲಿಯವರೆಗೆ ಬೆನ್ನು ಹಾಕಿ ನಿಂತಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ.

“ಮುದ್ದೆಗೆ ಯಾರ್ಲೇ ಗಡಿಯಾರ ನೋಡ್ತಾರೆ? ಒದ್ದೆ ಕೈಲಿ ಮುಟ್ಟು. ಅಂಟಿದ್ರೆ ಇನ್ನೂ ತಿರುವು. ಅಂಟ್ಲಿಲ್ಲ ಅಂದ್ರೆ ಇಳಿಸು.”

ನಾನು ಮೂಟೆಯಿಂದ ಹಾರಿ ಎದ್ದೆ. ಎಷ್ಟು ಸಲ ಮಾಡಬೇಕೆಂದು ಗೊತ್ತಿಲ್ಲದ ಕೆಲಸಕ್ಕೆ, ಯಾವಾಗ ನಿಲ್ಲಿಸಬೇಕೆಂದು ಹೇಳಿಕೊಡಬೇಕು. ಎರಡು ವಾರದಿಂದ ಬೋರ್ಡಿನ ಮೇಲೆ ಬರೆದು ಬರೆದು ನಾನು ಸೋತಿದ್ದ ಪಾಠ ಅದೇ. ಅಕ್ಕ, ನೀವೀಗ ಹೇಳಿದ್ದೇ ಕೋಡು ಎಂದೆ. ಗೇಲಿ ಮಾಡಬೇಡಿ ಮೇಡಂ ಎಂದು ಮುಖ ತಿರುಗಿಸಿದರು.

ಮುದ್ದೆ ಕಟ್ಟಿ ಮುಗಿಸುವಷ್ಟರಲ್ಲಿ ಕರೆಂಟು ಬಂತು. ಹುಡುಗಿ ಲ್ಯಾಬಿಗೆ ಓಡಿ ಅಮ್ಮನ ಮಾತನ್ನೇ ಕೋಡು ಮಾಡಿ ಟೈಪಿಸಿದಳು. ಅಕ್ಕನನ್ನು ಎಳೆದುಕೊಂಡು ಹೋಗಿ ಕೂರಿಸಿದೆವು. ಅಂಟಿತಾ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದರು. ತಿರುವು ಎಂದಿತು, ಮತ್ತೆ ಕೇಳಿತು. ಇದಕ್ಕೆ ಯಾವಾಗ ಬೇಜಾರಾಗುತ್ತೋ ನೋಡೇಬಿಡೋಣ ಎಂದು ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಒತ್ತುತ್ತಲೇ ಹೋದರು. ಮಕ್ಕಳು ಕೂಗಿ ಕೂಗಿ ಎಣಿಸಿದರು, ಮೂವತ್ತು ದಾಟಿತು. ಕೊನೆಗೆ ಸೋತು ಇಲ್ಲ ಎಂದು ಒತ್ತಿದರು. ಇಳಿಸು ಎಂದಿತು. ಅಕ್ಕ ನಕ್ಕ ನಗು ಇದೆಯಲ್ಲ, ಅಷ್ಟು ವರ್ಷದಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ನನ್ನ ಕಾಲು ನೆಲದ ಮೇಲಿರಲಿಲ್ಲ. ಗೆದ್ದೇಬಿಟ್ಟೆ ಎಂದುಕೊಂಡು ಅರ್ಜಿ ತೆಗೆದು ಪೆನ್ನಿನ ಸಮೇತ ಮುಂದಿಟ್ಟೆ. ಎಂಥ ದಡ್ಡಿ ನಾನು. ಅವರ ನಗು ಅಲ್ಲೇ ನಿಂತಿತು.

“ಅವಳಿಗೆ ಬರಲ್ಲ ಅಂತಲ್ಲ ಮೇಡಂ. ನಾನಿಲ್ಲಿ ಮೊದಲ್ನೇ ದಿನ ಅಡುಗೆ ಮಾಡ್ದಾಗ, ಕೇರಿಯೋಳು ಮಾಡಿದ್ದು ಅಂತ ಅರ್ಧ ಮಕ್ಳು ತಟ್ಟೆ ಮುಟ್ಲಿಲ್ಲ. ಅಲ್ಲೂ ಹಂಗೇ ಇವಳ ಪಕ್ಕ ಯಾರೂ ಕೂರ್ದೇ ಹೋದ್ರೆ?”

ಹಾಗೆಲ್ಲ ಆಗುವುದಿಲ್ಲ ಎಂದರೆ ಸುಳ್ಳಾಗುತ್ತಿತ್ತು; ಕಾಲೇಜಿನಲ್ಲಿ ನನ್ನ ಬೆಂಚಿನ ಅರ್ಧ ಒಂದು ತಿಂಗಳು ಖಾಲಿಯೇ ಇತ್ತು. ಅಮ್ಮನ ಕುರ್ಚಿಯ ಹಿಂದೆ ನಿಂತಿದ್ದ ಹುಡುಗಿ ಮೆಲ್ಲಗೆ ಕೇಳಿದಳು.

“ಮಾರನೇ ದಿನ ನೀನು ಬರ್ಲಿಲ್ವೇನಮ್ಮ?”

“ಬಂದೆ ಕಣೇ. ಅವತ್ತಿಂದ ಒಂದಿನಾನೂ ತಪ್ಪಿಸಿಲ್ಲ.”

ಹೇಳಿದ ಮೇಲೆ ಅಕ್ಕ ತಿರುಗಿ ಮಗಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು ಒಂದೊಂದೇ ಅಕ್ಷರ ಒತ್ತಿ ಬರೆದು ಸಹಿ ಹಾಕಿದರು. ಮಕ್ಕಳು ಬೆಂಚು ಬಡಿದರು, ನಾನು ನಾಚಿಕೆ ಬಿಟ್ಟು ಕುಣಿದೆ. ಆ ಗಲಾಟೆಯಲ್ಲೇ ಅಕ್ಕ ನನ್ನ ಕೈಹಿಡಿದು ಹತ್ತಿರಕ್ಕೆಳೆದರು.

“ಸೋಮವಾರ ಅಡುಗೆಗೆ ನಾನು ಬರಲ್ಲ ಅಂತ ಹೆಡ್‌ಮೇಷ್ಟ್ರಿಗೆ ಹೇಳ್ಬಿಡಿ ಮೇಡಂ. ಇವಳ ಜೊತೆ ತರೀಕೆರೆಗೆ ನಾನೇ ಹೋಗ್ತೀನಿ.”