ಎರಡನೇ ರೌಂಡಿನ ಶಿವಕ್ಕ

"ಅಮ್ಮಾ, ಶಿವಕ್ಕ ಆಂಟಿನ ಕೊಟ್ಟುಬಿಟ್ರೆ ನಮಗೆ ಏನ್ ಸಿಗತ್ತೆ?"

ಇದನ್ನು ಕೇಳಿದವಳು ನನ್ನ ಮಗಳು ಇಂದು, ಜನವರಿಯ ಒಂದು ಸಂಜೆ, ಅನ್ನ ಸಾರಿನ ತಟ್ಟೆಯ ಮುಂದೆ ಕೂತು. ಅವಳಿನ್ನೂ ಫಸ್ಟ್ ಗ್ರೇಡ್. ಒಂದು ಕೈಯಲ್ಲಿ ಅವಳಿಗೆ ತುತ್ತು ಕೊಡುತ್ತ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ನಾನು ಆಗಷ್ಟೇ ಎದುರು ಟೀಮಿನ ಕ್ಯಾಪ್ಟನ್ ರಚನಾ ಜೊತೆ ಮಾತು ಮುಗಿಸಿದ್ದೆ. ನಮ್ಮ ಟೀಮಿನ ಚೈತನ್ಯಾಳನ್ನು ಕೊಟ್ಟರೆ ಅದು ಸಿಗುತ್ತದೆ, ಇದು ಸಿಗುತ್ತದೆ ಎಂದು ಅಷ್ಟು ಹೊತ್ತು ಕೇಳಿಸಿಕೊಂಡ ಮಗು ಅದೇ ಜಾಡಿನಲ್ಲಿ ಮುಂದಕ್ಕೆ ಹೋಗಿತ್ತು.

"ಏನೂ ಸಿಗಲ್ಲ ಪುಟ್ಟಾ. ಊಟ ಮಾಡು."

"ನಥಿಂಗ್? ಒಂದು ಪಿಕ್ ಕೂಡ ಇಲ್ವಾ?"

"ಒಂದೂ ಇಲ್ಲ."

ಇದು ಅಟ್ಲಾಂಟಾ ಪಕ್ಕದ ಅಲ್ಫರೆಟಾದ ನಮ್ಮ ಕನ್ನಡದ ಮನೆಗಳ ಹೆಂಗಸರು, ಹುಡುಗಿಯರು ಸೇರಿ ಆಡುವ ಬಾಸ್ಕೆಟ್‌ಬಾಲ್ ಲೀಗ್. ನಾಲ್ಕು ಟೀಮು, ಬಾಡಿಗೆಗೆ ಹಿಡಿದ ಒಂದು ಜಿಮ್, ಜನವರಿಯಿಂದ ಏಪ್ರಿಲ್‌ವರೆಗೆ ಭಾನುವಾರ ಮಧ್ಯಾಹ್ನದ ಆಟ. ಹದಿಮೂರು ತುಂಬಿದ ಯಾರು ಬೇಕಾದರೂ ಬರಬಹುದು. ತಾಯಿ ಮಗಳು ಎದುರುಬದುರು ಆಡಿ, ಕಾರಿನಲ್ಲಿ ಮಾತು ಬಿಟ್ಟು ಮನೆಗೆ ಹೋದದ್ದೂ ಉಂಟು. ನಿಯಮ ಬರೆದವರು ಮಾತ್ರ ಗಂಡಂದಿರು. ಫೋನಿನ ಆಟದಲ್ಲಿ ಎನ್‌ಬಿಎ ಬಾಸ್ಕೆಟ್‌ಬಾಲ್ ಟೀಮುಗಳನ್ನು ಕಟ್ಟಿ ಕೆಡವುವ ಹುಚ್ಚಿನವರು, ಅಲ್ಲಿ ಇದ್ದದ್ದನ್ನೆಲ್ಲ ತಂದು ನಮ್ಮ ತಲೆಗೆ ಕಟ್ಟಿದರು.

ಸೀಸನ್ ಮುಗಿದ ಮೇಲೆ ಪ್ರತಿ ಟೀಮೂ ಕ್ಯಾಪ್ಟನ್ ಜೊತೆಗೆ ನಾಲ್ವರನ್ನು ಉಳಿಸಿಕೊಂಡು ಮಿಕ್ಕವರನ್ನು ಬಿಡಬೇಕು. ಮೇ ತಿಂಗಳಲ್ಲಿ ಡ್ರಾಫ್ಟ್. ಕ್ಯಾಪ್ಟನ್‌ಗಳು ಸರದಿಯಂತೆ ಒಬ್ಬೊಬ್ಬರ ಹೆಸರು ಕೂಗಿ ತಮ್ಮ ಟೀಮಿಗೆ ಕರೆದುಕೊಳ್ಳುತ್ತಾರೆ, ಮೂರು ರೌಂಡು. ಆ ಸರದಿಗೇ ಪಿಕ್ ಎನ್ನುವುದು. ಮೇ ತಿಂಗಳ ಪಿಕ್ಕನ್ನು ಜನವರಿಯಲ್ಲೇ ಇನ್ನೊಂದು ಟೀಮಿಗೆ ಕೊಟ್ಟು, ಬದಲಿಗೆ ಆಟಗಾರ್ತಿಯನ್ನು ತರಬಹುದು. ಕ್ಯಾಪ್ಟನ್ ಆದವಳನ್ನು ಯಾರೂ ಮುಟ್ಟುವಂತಿಲ್ಲ. ಆದರೆ ಮೂರು ಸೀಸನ್ ಫೈನಲ್ ಕಾಣದಿದ್ದರೆ ಅವಳು ಇಳಿಯಬೇಕು. ಇಳಿದು ಹಿಂದಿನಿಂದ ಟೀಮು ನಡೆಸಬಾರದೆಂದು, ಎಲ್ಲರ ಹಾಗೆ ಡ್ರಾಫ್ಟ್‌ಗೆ ನಿಲ್ಲಬೇಕು.

ನಮ್ಮ ಕ್ಯಾಪ್ಟನ್ ಶಿವಕ್ಕ ಎರಡು ಸೀಸನ್ ಫೈನಲ್ ಕಂಡಿರಲಿಲ್ಲ. ಇದು ಮೂರನೆಯದು. ವಯಸ್ಸು ಐವತ್ತು ದಾಟಿದೆ, ಬಲ ಮೊಣಕಾಲಿಗೆ ಪಟ್ಟಿ ಇಲ್ಲದೆ ಅವರು ಅಂಕಣಕ್ಕೆ ಇಳಿಯುವುದಿಲ್ಲ. ಡ್ರಾಫ್ಟ್‌ಗೆ ನಿಂತರೆ ಅಂಥವರನ್ನು ಯಾರು ಕರೆಯುತ್ತಾರೆ? ಕರೆಯದಿದ್ದರೆ ಆಟ ಅಲ್ಲಿಗೆ ಮುಗಿಯಿತು, ಇನ್ನು ನೀರಿನ ಬಾಟಲಿ ಕೊಡುತ್ತ ಗೆರೆಯಾಚೆ ನಿಲ್ಲುವುದು. ಅದು ಅವರಿಗೂ ಗೊತ್ತಿತ್ತು, ವೈಸ್ ಕ್ಯಾಪ್ಟನ್ ಆದ ನನಗೂ ಗೊತ್ತಿತ್ತು.

ಶಿವಕ್ಕ ವಿಜಯಪುರದವರು. ಓದುವಾಗ ಧಾರವಾಡದಲ್ಲಿ ಯೂನಿವರ್ಸಿಟಿ ಟೀಮಿಗೆ ಆಡಿದವರು. ಮದುವೆಯಾಗಿ ಗಂಡ ಅಣ್ಣಾಸಾಹೇಬರ ಜೊತೆ ಎರಡು ಮೂರು ಊರು ಸುತ್ತಿ ಇಲ್ಲಿಗೆ ಬಂದರು. ಅಟ್ಲಾಂಟಾದ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ 400 ಹೈವೇಗೆ ಕಾರು ಹತ್ತಿಸುತ್ತಾರೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಅವರು ಚೆಂಡು ಮುಟ್ಟಿರಲಿಲ್ಲ. ಮುಟ್ಟಿದ್ದು ಎರಡು ಸಾವಿರದ ಇಪ್ಪತ್ತರಲ್ಲಿ, ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದಾಗ. ಎದುರು ಮನೆಯ ಚೈತನ್ಯಾ ಆಗ ಎಂಟನೇ ಗ್ರೇಡು, ಶಾಲೆ ಲ್ಯಾಪ್‌ಟಾಪಿನಲ್ಲಿ, ಸಂಜೆಯಿಡೀ ಒಬ್ಬಳೇ ಡ್ರೈವ್‌ವೇಯಲ್ಲಿ ಚೆಂಡು ಕುಟ್ಟುತ್ತಿದ್ದಳು. ಆಸ್ಪತ್ರೆಯಿಂದ ಬಂದವರು ಮಗುವಿನ ಹತ್ತಿರ ಹೋಗುವ ಹಾಗಿಲ್ಲ. ಅದಕ್ಕೆ ಶಿವಕ್ಕ ರಸ್ತೆಯ ಈಚೆ ದಡದಲ್ಲಿ, ಚೈತನ್ಯಾ ಆಚೆ ದಡದಲ್ಲಿ. ನಡುವೆ ಚೆಂಡು. ಚೆಂಡು ಬಂದರೆ ಚೈತನ್ಯಾ ಮೊದಮೊದಲು ಮುಖ ಮುಚ್ಚಿಕೊಳ್ಳುತ್ತಿದ್ದಳಂತೆ. ಕಲಿತದ್ದೇ ಅಷ್ಟು ದೂರದಿಂದ ಆದ್ದರಿಂದ ಅವರಿಬ್ಬರ ಪಾಸು ನಮ್ಮ ಲೀಗಿನಲ್ಲಿ ಯಾರಿಗೂ ಬರುವುದಿಲ್ಲ. ಒಬ್ಬರು ಈ ತುದಿಯಿಂದ ನೋಡದೆ ಎಸೆದರೆ ಇನ್ನೊಬ್ಬಳು ಆ ಮೂಲೆಯಲ್ಲಿ ಇದ್ದೇ ಇರುತ್ತಾಳೆ.

ಆ ಚೈತನ್ಯಾ ಈಗ ಹನ್ನೆರಡನೇ ಗ್ರೇಡು. ರಚನಾ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ನೋಡು ಸೌಮ್ಯಾ, ಆಗಸ್ಟ್‌ನಲ್ಲಿ ಅವಳು ಕಾಲೇಜಿಗೆ ಹೋಗ್ತಾಳೆ. ಆಮೇಲೆ ನಿಮಗೆ ಸೊನ್ನೆ. ಈ ಸೀಸನ್‌ಗೆ ನನಗೆ ಕೊಡಿ. ಮೇ ಡ್ರಾಫ್ಟ್‌ನಲ್ಲಿ ನಮ್ಮ ಫಸ್ಟ್ ರೌಂಡ್ ಪಿಕ್, ಸೆಕೆಂಡ್ ರೌಂಡ್ ಪಿಕ್ ಎರಡೂ ನಿಮಗೆ. ಪಿಕ್ ಬೇಡ್ವಾ, ನಮ್ಮ ಲಂಬುನ ತಗೊಳ್ಳಿ. ಹದಿನಾಲ್ಕು ವರ್ಷ, ಈಗ್ಲೇ ನನಗಿಂತ ಉದ್ದ. ಇನ್ನು ನಾಲ್ಕು ವರ್ಷ ನಿಮ್ಮ ಹತ್ರಾನೇ ಇರ್ತಾಳೆ."

ನಾನು ರಾತ್ರಿ ಪಾತ್ರೆ ತೊಳೆಯುವಾಗಲೂ ಇದನ್ನೇ ತೂಗಿದೆ. ಲಂಬು ಎತ್ತರ ಸರಿ, ಆದರೆ ಚೆಂಡು ಅವಳ ಕೈಗೆ ಬಡಿದು ವಾಪಸು ಹೋಗುತ್ತದೆ. ಈಜಿನ ಕ್ಲಾಸು ಭಾನುವಾರಕ್ಕೆ ಬದಲಾದರೆ ಅವಳಮ್ಮ ನಮಗೆ ಹೇಳುವುದೂ ಇಲ್ಲ. ಪಿಕ್‌ಗೆ ಆ ಗೋಳಿಲ್ಲ. ಅದಕ್ಕೆ ಮೊಣಕಾಲಿಲ್ಲ, ಪರೀಕ್ಷೆಯಿಲ್ಲ, ಸಿಟ್ಟು ಬರುವುದಿಲ್ಲ. ಈ ವರ್ಷ ಹದಿಮೂರು ತುಂಬುವವರಲ್ಲಿ ಒಳ್ಳೆಯ ಹುಡುಗಿಯರಿದ್ದಾರೆ.

"ಗೆದ್ದ ಟೀಮಿನ ಸರದಿ ಪ್ರತಿ ರೌಂಡಲ್ಲೂ ಕೊನೆಗೆ ಬರತ್ತೆ, ಮರೀಬೇಡ," ಎಂದರು ನನ್ನ ಗಂಡ ರವಿಕಿರಣ್, ಫೋನಿನಿಂದ ತಲೆಯೆತ್ತದೆ. "ಚೈತನ್ಯಾ ಅಲ್ಲಿಗೆ ಹೋದ್ರೆ ರಚನಾನೇ ಗೆಲ್ಲೋದು. ಅವಳ ಪಿಕ್ ಅಂದ್ರೆ ಕೊನೇ ಪಿಕ್. ಲಂಬುನ ತಗೊಳ್ಳಿ."

"ನೀವು ಒಂದ್ಸಲ ಆ ಮಗು ಬಾಲ್ ಹಿಡಿಯೋದು ನೋಡಿ, ಆಮೇಲೆ ಹೇಳಿ."

ಕೊನೆಯ ಸರದಿಯಾದರೂ ಎರಡು ಪಿಕ್ ಎರಡೇ. ನನ್ನ ಮನಸ್ಸಿನಲ್ಲಿ ಇನ್ನೊಂದು ಇತ್ತು. ಶಿವಕ್ಕ ಇಳಿಯಬೇಕಾಗಿ ಬಂದರೆ, ಹೆಚ್ಚಿಗೆ ಬಂದ ಆ ಸೆಕೆಂಡ್ ರೌಂಡ್ ಪಿಕ್ಕಿನಲ್ಲಿ ಅವರನ್ನೇ ಕರೆದುಕೊಳ್ಳಬಹುದು. ಮರುದಿನ ಪ್ರಾಕ್ಟೀಸ್ ಮುಗಿದ ಮೇಲೆ ಹೇಳಿದೆ.

"ಅಕ್ಕಾ, ಎರಡರಲ್ಲಿ ಒಂದು ತಗೊಳ್ಳೋಣ."

"ಯಾಕವಾ? ಚೈತನ್ಯಾ ಏನ್ ಹಳೇ ಫ್ರಿಜ್ಜಾ, ಎಕ್ಸ್‌ಚೇಂಜಿಗೆ ಹಾಕಾಕ?"

"ಲೀಗಲ್ಲಿ ಎಲ್ರೂ ಮಾಡೋದು ಅದನ್ನೇ. ಅವಳು ಹೋದ ಮೇಲೆ ಕೈಯಲ್ಲಿ ಏನೂ ಇರಲ್ಲ."

"ಪಿಕ್ ಕೈಯಾಗ ಇಟ್ಕೊಂಡು ಏನ್ ಮಾಡ್ತಿ ತಂಗಿ? ಅದು ಬಾಲ್ ಹಿಡಿತೈತೇನ?"

"ಲಂಬು ಹಿಡೀತಾಳೆ."

"ಲಂಬೂನೂ ಹಿಡಿಯೂದಿಲ್ಲ. ನಾನೂ ನೋಡೀನಿ."

ಸಿಟ್ಟಿನಲ್ಲೂ ನಗು ಬಂತು. ಆದರೆ ಮನೆಗೆ ಡ್ರೈವ್ ಮಾಡುವಾಗ ಸಿಟ್ಟೇ ಉಳಿಯಿತು. ಶಿವಕ್ಕ ತಮ್ಮ ಕ್ಯಾಪ್ಟನ್ ಪಟ್ಟ ಉಳಿಸಿಕೊಳ್ಳಲು ಹುಡುಗಿಯನ್ನು ಹಿಡಿದಿಟ್ಟುಕೊಂಡಿದ್ದಾರೆ ಎಂದು ಟೀಮಿನಲ್ಲೇ ಗುಸುಗುಸು ಇತ್ತು. ನಾನೂ ಹಾಗೇ ಅಂದುಕೊಂಡೆ. ಟ್ರೇಡ್‌ಗೆ ಕೊನೆಯ ದಿನ ಕಳೆದುಹೋಯಿತು. ಇನ್ನು ನಮಗೆ ಉಳಿದದ್ದು ಒಂದೇ ದಾರಿ, ಚೈತನ್ಯಾಳ ಕೈಯಲ್ಲಿ ಫೈನಲ್ ಸೇರುವುದು.

ಸೇರುವ ಹಾಗೂ ಇತ್ತು. ಏಪ್ರಿಲ್‌ನ ಕೊನೆಯ ಲೀಗ್ ಪಂದ್ಯ ಗೆದ್ದರೆ ನಾವು ಎರಡನೇ ಸ್ಥಾನ, ಅಂದರೆ ಫೈನಲ್. ಅದೇ ವಾರ ಚೈತನ್ಯಾಗೆ ಪಕ್ಕದ ರಾಜ್ಯದಲ್ಲಿರುವ ಡರ್ಹಮ್‌ನ ಯೂನಿವರ್ಸಿಟಿಯಿಂದ ಕರೆ ಬಂತು. ಸೀಟು ಕೊಟ್ಟವರನ್ನು ಕರೆಸಿ ಕ್ಯಾಂಪಸ್ ತೋರಿಸುತ್ತಾರೆ, ಅದೇ ಶನಿವಾರ, ಭಾನುವಾರ.

"ಆಂಟಿ, ಐ ಕೆನ್ ಸ್ಕಿಪ್ ಇಟ್," ಎಂದಳು ಚೈತನ್ಯಾ, ಶೂ ಲೇಸು ಬಿಚ್ಚುತ್ತ. "ಆನ್‌ಲೈನ್ ಟೂರ್ ಇದೆ. ಮ್ಯಾಚ್ ಆಡ್ತೀನಿ."

ನಾನು ಉಸಿರು ಬಿಡುವಷ್ಟರಲ್ಲಿ ಶಿವಕ್ಕ ಅಂದರು, "ಹೋಗು."

"ಬಟ್ ಆಂಟಿ..."

"ಹೋಗು ಅಂದ್ನಲ್ಲ. ಅಪ್ಪಗ ಈಗ ಹೇಳು, ಕಾರಿಗೆ ಎಣ್ಣಿ ತುಂಬಿಸಲಿ."

ಪಾರ್ಕಿಂಗ್ ಲಾಟ್‌ನಲ್ಲಿ ನನಗೆ ತಡೆಯಲಾಗಲಿಲ್ಲ. ಇಂದು ಹಿಂದಿನ ಸೀಟಿನಲ್ಲಿ ಬಾಳೆಹಣ್ಣು ತಿನ್ನುತ್ತಿದ್ದಳು. ದನಿ ತಗ್ಗಿಸಿಯೇ ಕೇಳಿದೆ, "ಅಕ್ಕಾ, ಪಿಕ್ ಬೇಡ ಅಂದ್ರಿ. ಲಂಬು ಬೇಡ ಅಂದ್ರಿ. ಅವಳನ್ನ ಇಟ್ಕೊಂಡಿದ್ದು ಈ ಒಂದು ಮ್ಯಾಚಿಗಾಗಿ ಅಲ್ವಾ? ಈಗ ಅದನ್ನೂ ಬಿಟ್ರೆ ನಿಮ್ಮ ಗತಿ ಏನು?"

ಅವರು ಕಾರಿನ ಕೀಲಿ ಹುಡುಕುತ್ತಿದ್ದರು. "ನಾ ಯಾವ ಊರನ್ನೂ ಮೊದಲ ನೋಡಿ ಹೂಂ ಅಂದಾಕಿ ಅಲ್ಲ ತಂಗಿ. ಇಳದ ಮ್ಯಾಲ ನೋಡಿದ್ದು ಎಲ್ಲಾ. ನಾಕ್ ವರ್ಷ ಇರೂ ಜಾಗ. ಆಕಿ ಆದ್ರೂ ನೋಡಿ ಹೂಂ ಅನ್ನಲಿ."

ನನಗೂ ಮಗಳಿದ್ದಾಳೆ. ಆದರೂ ಆ ದಿನದ ಡೈರಿಯಲ್ಲಿ ಬರೆದದ್ದು ಇಷ್ಟೇ: ಇಂಥವರ ಜೊತೆ ಟೀಮು ಕಟ್ಟಲು ಆಗುವುದಿಲ್ಲ.

ಪಂದ್ಯ ಸೋತೆವು. ಮೊಣಕಾಲು ಎಳೆಯುತ್ತಲೇ ಶಿವಕ್ಕ ಪೂರ್ತಿ ಆಡಿದರು. ಎರಡು ಸಲ ಚೆಂಡನ್ನು ನೋಡದೆ ಆ ದೂರದ ಮೂಲೆಗೆ ಎಸೆದರು. ಅಲ್ಲಿ ಯಾರೂ ಇರಲಿಲ್ಲ. ಚೆಂಡು ಗೋಡೆಗೆ ಬಡಿಯಿತು. ಎರಡನೇ ಸಲ ನಾನು ಓಡಿದೆ, ತಲುಪಲಿಲ್ಲ.

"ಅಮ್ಮಾ, ಆಂಟಿ ಯಾರಿಗೆ ಪಾಸ್ ಮಾಡಿದ್ರು?" ಎಂದು ಇಂದು ಆಮೇಲೆ ಕೇಳಿದಳು. ನೀರು ಕುಡಿ ಅಂದೆ.

ಚೈತನ್ಯಾ ಇಲ್ಲದೆಯೂ ಕಪ್ ಗೆದ್ದದ್ದು ರಚನಾಳ ಟೀಮು. ನಿಯಮದಂತೆ ಶಿವಕ್ಕ ಇಳಿದರು, ನಾನು ಕ್ಯಾಪ್ಟನ್ ಆದೆ. ಚೈತನ್ಯಾ ಡರ್ಹಮ್‌ಗೆ ಹೂಂ ಅಂದಳು. ನಮ್ಮ ಕೈಯಲ್ಲಿ ಇದ್ದದ್ದು ನಮ್ಮವೇ ಮೂರು ಪಿಕ್, ರೌಂಡಿಗೊಂದು. ರಚನಾ ಈ ಸಲ ಲಂಬುವನ್ನು ಉಳಿಸಿಕೊಳ್ಳದೆ ಡ್ರಾಫ್ಟ್‌ಗೆ ಬಿಟ್ಟಿದ್ದಳು. ನಾನು ಹೀಗೆ ಯೋಚಿಸಿಟ್ಟೆ: ಮೊದಲನೆಯದಕ್ಕೆ ಹೊಸ ಹುಡುಗಿಯರಲ್ಲಿ ಚುರುಕಾದವಳು, ಎರಡನೆಯದಕ್ಕೆ ಲಂಬು, ಮೂರನೆಯದಕ್ಕೆ ಶಿವಕ್ಕ.

ಡ್ರಾಫ್ಟ್‌ನ ಹಿಂದಿನ ದಿನ ಮಧ್ಯಾಹ್ನ ಶಿವಕ್ಕ ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದು ಬಂದರು. ಸೋಫಾ ತಗ್ಗು ಎಂದು ಊಟದ ಕುರ್ಚಿಯಲ್ಲಿ ಕೂತು ಬಲಗಾಲು ಚಾಚಿದರು. ಇಂದು ಆ ಕಾಲಿನ ಕೆಳಗೆ ತನ್ನ ದಿಂಬು ತಂದಿಟ್ಟಳು.

"ರಚನಾ ಫೋನ್ ಮಾಡಿದ್ಲು," ಎಂದರು. "ಕಡೇ ರೌಂಡಿನಾಗ ಯಾರೂ ಕರೀಲಿಲ್ಲಂದ್ರ ನಾ ಕರೀತೀನಿ ಆಂಟಿ ಅಂದ್ಲು. ಆಂಟಿ ಅಂದ್ಲು ನೋಡು. ಮೊನ್ನಿತನಕಾ ಅಕ್ಕಾ ಅಂತಿದ್ಲು."

"ಅವಳ್ಯಾಕೆ ಕರೀಬೇಕು? ಮೂರನೇದರಲ್ಲಿ ನಾನೇ ಕರೀತೀನಿ. ಆಗ್ಲೇ ಅಂದ್ಕೊಂಡಿದೀನಿ ಅಕ್ಕಾ."

ಅವರು ಕಾಫಿ ಲೋಟ ಕೆಳಗಿಟ್ಟರು. "ಮೂರನೇದು ಬ್ಯಾಡ. ಎರಡನೇದಾಗ ಕರಿ."

ನನಗೆ ಅಳು ಬರುವಷ್ಟು ಸಿಟ್ಟು ಬಂತು. "ಎರಡನೇದು ಲಂಬುಗೆ ಇಟ್ಟಿದೀನಿ. ಬಿಟ್ರೆ ಬೇರೆಯವರು ಎತ್ಕೊಂಡು ಹೋಗ್ತಾರೆ. ಅವತ್ತು ರಚನಾಳ ಪಿಕ್ ತಗೊಂಡಿದ್ರೆ ಇವತ್ತು ಎರಡನೇ ರೌಂಡಲ್ಲಿ ನಮ್ಮ ಹತ್ರ ಎರಡು ಪಿಕ್ ಇರ್ತಿತ್ತು. ಬೇಡ ಅಂದವರು ನೀವೇ."

"ಅಂದೀನಿ. ಈಗ ಕೇಳಿದ್ರೂ ಬ್ಯಾಡನ ಅಂತೀನಿ."

"ಮತ್ತೆ?"

"ಮೂರನೇದಾಗ ಕರದ್ರ ಪಾಪ ಅಂತ ಕರದ್ರು ಅಂತಾರ. ಎರಡನೇದಾಗ ಕರದ್ರ ಆಡಾಕ ಕರದ್ರು ಅಂತಾರ. ಲಂಬೂಗೆ ಬಾಲ್ ಹಿಡಿಯೂದು ನಾ ಕಲಿಸ್ತೀನಿ, ಆಕಿ ಯಾರ ಟೀಮಿನಾಗರ ಇರಲಿ. ನನ್ನ ಹೆಸರು ಎರಡನೇ ರೌಂಡಿನಾಗ ಕೂಗು ತಂಗಿ. ಇದೊಂದು ಮಾಡು."